ಟ್ರಸ್ಟಿನ ಕಾಲೇಜೋ, ಕಂಪನಿಯ ಕ್ಲಾಸೋ: ಫೀ ಕಟ್ಟುವ ಮುಂಚೆ ನೋಡಬೇಕಾದದ್ದು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೂರನೇ ದಿನ ನನ್ನ ತಮ್ಮ ಮುಧೋಳದಿಂದ ಬಂದ. ಬಾಗಲಕೋಟೆ ನವನಗರದ ನಮ್ಮ ಮನೆಯಲ್ಲಿ ಚಹಾ ಕುಡಿಯುವ ಮುಂಚೆಯೇ ಎರಡು ಕಾಗದ ತೆಗೆದು ಮುಂದಿಟ್ಟ. ಒಂದು, ಇಲ್ಲಿನ ಹಳೆಯ ಸಂಸ್ಥೆಯ ಅನುದಾನಿತ ಪಿಯು ಕಾಲೇಜಿನ ಅರ್ಜಿ. ಇನ್ನೊಂದು, ವಿಜಯಪುರ ಕಡೆಯ ಒಂದು ವಸತಿ ಕಾಲೇಜಿನ ಬಣ್ಣದ ಪುಸ್ತಕ. ಅದರಲ್ಲಿ ಊಟ, ವಸತಿ, ನೀಟ್ ಕೋಚಿಂಗ್ ಎಲ್ಲ ಸೇರಿ ಎರಡು ವರ್ಷದ ಪ್ಯಾಕೇಜ್.

"ಅಣ್ಣಾ, ಇದು ಸೇವಾ ಸಂಸ್ಥೆ, ಅದು ಬಿಸಿನೆಸ್ ಅಂತ ಎಲ್ಲಾರೂ ಹೇಳಾಕತ್ತಾರ. ನೀ ಲೆಕ್ಕ ಬರದಾಂವ. ಮಗಳನ್ನ ಎಲ್ಲಿ ಹಾಕೂಣು, ನೀನ ಹೇಳು" ಅಂದ.

ನಾನು ಒಂದು ಶಿಕ್ಷಣ ಸಂಸ್ಥೆಯ ಕಚೇರಿಯಲ್ಲಿ 11 ವರ್ಷ ಲೆಕ್ಕ ಬರೆದವನು. ಹಾಗಾಗಿ ಬಣ್ಣದ ಪುಸ್ತಕವನ್ನು ಹಿಂದಿನಿಂದ ಓದುವ ಅಭ್ಯಾಸ ನನಗೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಎಜುಕೇಷನ್ ಟ್ರಸ್ಟಿನ ಹೆಸರು ಇತ್ತು. ಅಂದರೆ ಕಾಗದದ ಮೇಲೆ ಎರಡೂ ಲಾಭರಹಿತ ಸಂಸ್ಥೆಗಳೇ. ತಮ್ಮ ನಂಬಲಿಲ್ಲ. ಅವತ್ತು ಅವನಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮನೆಯಲ್ಲಿ ಓದುವ ಮಕ್ಕಳಿರುವವರಿಗೆ ಉಪಯೋಗಕ್ಕೆ ಬರಬಹುದು.

ಕಾಗದದ ಮೇಲೆ ಎಲ್ಲವೂ ಸೇವೆಯೇ

ನಮ್ಮಲ್ಲಿ ಮಾನ್ಯತೆ ಪಡೆದ ಖಾಸಗಿ ಶಾಲೆ, ಕಾಲೇಜುಗಳನ್ನು ನಡೆಸುವುದು ಸಾಮಾನ್ಯವಾಗಿ ಒಂದು ನೋಂದಾಯಿತ ಸಂಘ ಅಥವಾ ಒಂದು ಟ್ರಸ್ಟ್. ಈಗೀಗ ಕಂಪನಿ ಕಾಯ್ದೆಯ ಸೆಕ್ಷನ್ 8ರ ಕಂಪನಿಗಳೂ ಇವೆ. ಈ ಮೂರರಲ್ಲೂ ಉಳಿದ ಹಣವನ್ನು ಯಾರೂ ಹಂಚಿಕೊಳ್ಳುವಂತಿಲ್ಲ. ಸೆಕ್ಷನ್ 8ರ ಕಂಪನಿಗೆ ಷೇರುದಾರರು ಇರಬಹುದು, ಆದರೆ ಅವರಿಗೆ ಡಿವಿಡೆಂಡ್ ಕೊಡುವ ಹಾಗಿಲ್ಲ. ಉಳಿದ ಹಣ ಅದೇ ಕೆಲಸಕ್ಕೆ ಹೋಗಬೇಕು.

ಈ ನಿಯಮ ಗಟ್ಟಿಯಾದ ಕಥೆಯಲ್ಲಿ ನಮ್ಮ ರಾಜ್ಯದ ಪಾತ್ರ ದೊಡ್ಡದು. ಡೊನೇಷನ್ ಹಾವಳಿ ತಡೆಯಲು ಕರ್ನಾಟಕ 1984ರಲ್ಲೇ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ತಂದಿತು. ಅದಾದ ಮೇಲೂ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದವರಿಗೆ 25,000, ಹೊರ ರಾಜ್ಯದವರಿಗೆ 60,000 ಎಂಬ ದರ ಇತ್ತು. ಉತ್ತರ ಪ್ರದೇಶದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 1992ರಲ್ಲಿ ಕೋರ್ಟು ಕ್ಯಾಪಿಟೇಷನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದಿತು. ಆಮೇಲೆ 2002ರಲ್ಲಿ ಬಂದದ್ದು ಟಿ.ಎಂ.ಎ. ಪೈ ಫೌಂಡೇಷನ್ ತೀರ್ಪು. ಅದೂ ಕರ್ನಾಟಕದಿಂದ ಹೋದ ಪ್ರಕರಣವೇ. 11 ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಖಾಸಗಿ ಸಂಸ್ಥೆ ತನ್ನ ಬೆಳವಣಿಗೆಗೆ ಬೇಕಾದಷ್ಟು ಹಣ ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು, ಡೊನೇಷನ್ ಕೂಡದು. 2022ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಶಿಕ್ಷಣ ಸಂಸ್ಥೆ ಎಂದು ಆದಾಯ ತೆರಿಗೆ ವಿನಾಯಿತಿ ಬೇಕಿದ್ದರೆ ಶಿಕ್ಷಣವೊಂದೇ ಉದ್ದೇಶ ಆಗಿರಬೇಕು, ಲಾಭ ಉದ್ದೇಶವಾಗಿರಬಾರದು ಎಂದಿತು.

ಹಾಗಾದರೆ ನಿಜವಾಗಿ ಲಾಭಕ್ಕೇ ನಡೆಯುವವು ಯಾವು? ಕೋಚಿಂಗ್ ಕ್ಲಾಸುಗಳು, ನರ್ಸರಿ ಫ್ರಾಂಚೈಸಿಗಳು, ಮೊಬೈಲ್ ಆ್ಯಪ್‌ಗಳು, ಸ್ಪೋಕನ್ ಇಂಗ್ಲಿಷ್ ಮತ್ತು ಕಂಪ್ಯೂಟರ್ ಕ್ಲಾಸುಗಳು, ಓಣಿಯ ಟ್ಯೂಷನ್. ಇವನ್ನು ಕಂಪನಿಯೋ ಪಾಲುದಾರರೋ ಒಬ್ಬ ವ್ಯಕ್ತಿಯೋ ನಡೆಸುತ್ತಾರೆ. ಗಳಿಸುತ್ತಾರೆ, ತೆರಿಗೆ ಕಟ್ಟುತ್ತಾರೆ, ಉಳಿದದ್ದು ಅವರದ್ದು. ಇದರಲ್ಲಿ ತಪ್ಪೇನೂ ಇಲ್ಲ. ನನಗೆ ಗಣಿತ ಹೇಳಿಕೊಟ್ಟ ಮಾಸ್ತರು ಸಂಜೆ ಹೊತ್ತು ತಮ್ಮ ಮನೆಯ ಕಟ್ಟೆಯ ಮೇಲೆ 20 ಹುಡುಗರಿಗೆ ಟ್ಯೂಷನ್ ಹೇಳಿ ಮೂರು ಮಕ್ಕಳನ್ನು ಓದಿಸಿದರು. ಅವರಷ್ಟು ಪ್ರಾಮಾಣಿಕವಾಗಿ ಪಾಠ ಮಾಡಿದವರನ್ನು ನಾನು ಆಮೇಲೆ ಕಂಡಿಲ್ಲ.

ತೊಂದರೆ ಇರುವುದು ನಡುವಿನ ಜಾಗದಲ್ಲಿ. ಹೆಸರು ಟ್ರಸ್ಟಿನದು, ನಡೆಯುವ ರೀತಿ ಮನೆತನದ ವ್ಯಾಪಾರದ್ದು. ಅಂಥವನ್ನು ಗುರುತಿಸುವುದು ಹೇಗೆ ಎಂಬುದೇ ಈ ಬರಹದ ಮುಖ್ಯ ಮಾತು.

ಸಂಸ್ಥೆ ಎಂಬ ಮಾತಿಗೆ ನಮ್ಮ ಕಡೆ ಇರುವ ತೂಕ

ಬಾಗಲಕೋಟೆ, ವಿಜಯಪುರ, ಬೆಳಗಾವಿ ಈ ನಮ್ಮ ಮೂರು ಜಿಲ್ಲೆಗಳ ಜನಕ್ಕೆ ‘ಸಂಸ್ಥೆ’ ಎಂದರೆ ಒಂದು ನಂಬಿಕೆ ಇದೆ. ಅದು ಸುಮ್ನೆ ಬಂದದ್ದಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಶುರುವಾದದ್ದು 1906ರಲ್ಲಿ. ವಿಜಯಪುರದಲ್ಲಿ ಫ.ಗು. ಹಳಕಟ್ಟಿಯವರು ಬಿಎಲ್‌ಡಿಇ ಸಂಸ್ಥೆ ಕಟ್ಟಿದ್ದು 1910ರಲ್ಲಿ. ಬೆಳಗಾವಿಯ ಕೆಎಲ್‌ಇ ಹುಟ್ಟಿದ್ದು 1916ರಲ್ಲಿ, ಒಂದು ಶಾಲೆಯಾಗಿ. ಬಸವನಾಳ, ಸಾಖರೆ ಮೊದಲಾದ ಏಳು ಮಂದಿ ಸೇರಿ ಅದನ್ನು ಕಟ್ಟಿದರು. ಜನ ಅವರನ್ನು ಇವತ್ತಿಗೂ ಸಪ್ತರ್ಷಿಗಳು ಎನ್ನುತ್ತಾರೆ. ಸಿರಸಂಗಿಯ ಲಿಂಗರಾಜ ದೇಸಾಯಿ ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಲಿಂಗರಾಜ ಕಾಲೇಜಿಗೆ ಅವರದೇ ಹೆಸರು. ಅದೇ ಊರಿನಲ್ಲಿ 1939ರಲ್ಲಿ ಕರ್ನಾಟಕ ಲಾ ಸೊಸೈಟಿ ಬಂತು.

ಆಗ ಇದೆಲ್ಲ ಮುಂಬಯಿ ಪ್ರಾಂತ್ಯ. ಹಳ್ಳಿ ಹುಡುಗ ಮೆಟ್ರಿಕ್ ದಾಟಬೇಕೆಂದರೆ ಊರು ಬಿಡಬೇಕಿತ್ತು. ಮಠಗಳ ಪ್ರಸಾದ ನಿಲಯದಲ್ಲಿ ಉಂಡು ಓದಿದವರು ನಮ್ಮ ಹಿಂದಿನ ತಲೆಮಾರಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ಸುಗ್ಗಿ ಮುಗಿದ ಮೇಲೆ ಅಜ್ಜ ಒಂದು ಚೀಲ ಜೋಳ ಬೋರ್ಡಿಂಗಿಗೆ ಕೊಟ್ಟು ಬರುತ್ತಿದ್ದ ಎಂದು ಅವ್ವ ಹೇಳುತ್ತಿದ್ದಳು. ಜನರ ಜೋಳ, ದೇಸಾಯರ ಭೂಮಿ, ಮಾಸ್ತರ ದುಡಿಮೆ ಸೇರಿ ಎದ್ದ ಕಟ್ಟಡಗಳು ಇವು.

ಈ ಇತಿಹಾಸ ನನಗೆ ತುಂಬ ದೊಡ್ಡದು. ಹಾಗೆಂದು ಬರೀ ಹಳೆಯ ಹೆಸರು ನೋಡಿ ಮಗುವನ್ನು ಸೇರಿಸಬೇಡಿ. ಒಂದೇ ಸಂಸ್ಥೆ ಒಂದು ಬೀದಿಯಲ್ಲಿ ಕಡಿಮೆ ಫೀಯ ಅನುದಾನಿತ ಹೈಸ್ಕೂಲು ನಡೆಸುತ್ತದೆ. ಪಕ್ಕದ ಬೀದಿಯಲ್ಲಿ ಅದೇ ಸಂಸ್ಥೆಯ ಸಿಬಿಎಸ್‌ಇ ಶಾಲೆಯ ಫೀ ಅದರ ಎಷ್ಟೋ ಪಟ್ಟು ಇರುತ್ತದೆ. ವೈದ್ಯಕೀಯ ಸೀಟಿನ ಲೆಕ್ಕ ಬೇರೆಯೇ. ಹಾಗಾಗಿ ಹೋಲಿಸುವಾಗ ಸಂಸ್ಥೆಯನ್ನಲ್ಲ, ನಿಮ್ಮ ಮಗು ಕೂರುವ ಆ ಒಂದು ಕಾಲೇಜನ್ನು, ಆ ಒಂದು ಕೋರ್ಸನ್ನು ನೋಡಿ.

ಉಳಿದ ದುಡ್ಡು ಎಲ್ಲಿ ಹೋಗುತ್ತದೆ?

ತೆರಿಗೆ ವಿನಾಯಿತಿ ಪಡೆದ ಟ್ರಸ್ಟಿಗೆ ಒಂದು ಸರಳ ನಿಯಮ ಇದೆ. 100 ರೂಪಾಯಿ ಆದಾಯ ಬಂದರೆ 85 ರೂಪಾಯಿಯನ್ನು ಆ ವರ್ಷ ತನ್ನ ಉದ್ದೇಶಕ್ಕೇ ಖರ್ಚು ಮಾಡಬೇಕು. 15 ರೂಪಾಯಿ ಉಳಿಸಿಕೊಳ್ಳಬಹುದು. ದೊಡ್ಡ ಕಟ್ಟಡ ಕಟ್ಟಬೇಕು ಎಂಬಂಥ ಕಾರಣ ಇದ್ದರೆ, ಅದನ್ನು ಇಲಾಖೆಗೆ ಬರೆದು ತಿಳಿಸಿ ಐದು ವರ್ಷದವರೆಗೆ ಜಾಸ್ತಿ ಹಣ ಕೂಡಿಡಬಹುದು. ಟ್ರಸ್ಟಿಗಳಿಗೆ, ಅವರ ಮನೆಯವರಿಗೆ ಅದರಿಂದ ಲಾಭ ಆಗುವ ಹಾಗಿಲ್ಲ.

ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ಖರ್ಚು ಎಂದರೆ ಯಾವ ಖರ್ಚು? ಇಲ್ಲೇ ಎಲ್ಲ ಅಡಗಿರುವುದು. ಕಟ್ಟಡ ಚೇರ್ಮನ್ನರ ಹೆಸರಿನಲ್ಲಿದ್ದು, ಟ್ರಸ್ಟ್ ಅವರಿಗೆ ತಿಂಗಳು ತಿಂಗಳು ಬಾಡಿಗೆ ಕಟ್ಟಿದರೆ ಅದೂ ಖರ್ಚೇ. ಸ್ಕೂಲ್ ಬಸ್ಸುಗಳು ಅಳಿಯನ ಟ್ರಾವೆಲ್ಸಿನವು ಆಗಿದ್ದರೆ ಆ ಬಿಲ್ಲೂ ಖರ್ಚೇ. ಬಾಡಿಗೆ, ಬಿಲ್ಲು ಮಾರುಕಟ್ಟೆ ದರದಲ್ಲಿದ್ದರೆ ಕಾನೂನು ಒಪ್ಪುತ್ತದೆ. ದರ ಮೀರಿದರೆ ಅದು ಲಾಭ ಹಂಚಿಕೊಂಡ ಹಾಗೆಯೇ, ವಿನಾಯಿತಿಗೆ ಕುತ್ತು.

ನಾನು ಕೆಲಸ ಮಾಡಿದ ಜಾಗದಲ್ಲಿ ಮೊದಲ ನಾಲ್ಕೈದು ವರ್ಷ ಉಳಿದ ಹಣದಲ್ಲಿ ಪ್ರಯೋಗಾಲಯ ಎದ್ದಿತು, ಹುಡುಗಿಯರ ಹಾಸ್ಟೆಲ್ಲಿಗೆ ಇನ್ನೊಂದು ಮಹಡಿ ಬಂತು. ಆಡಳಿತ ಮಂಡಳಿಯ ಹಿರಿಯರು ತಮ್ಮ ಊಟದ ಡಬ್ಬಿ ತಾವೇ ತರುತ್ತಿದ್ದರು. ಆಮೇಲೆ ಮಂಡಳಿ ಬದಲಾಯಿತು. ಸಮವಸ್ತ್ರ, ನೋಟ್‌ಬುಕ್ಕು ಒಂದೇ ಅಂಗಡಿಯಿಂದ ತರಬೇಕೆಂಬ ಸುತ್ತೋಲೆ ಬಂತು. ಆ ಅಂಗಡಿ ಯಾರದ್ದು ಎಂದು ಊರಿಗೆಲ್ಲ ಗೊತ್ತಿತ್ತು. ಪ್ರಯೋಗಾಲಯಕ್ಕೆ ರಾಸಾಯನಿಕ ತರಿಸಲು ಮೂರು ತಿಂಗಳು ಓಡಾಡಬೇಕಾಯಿತು. ಬೋರ್ಡು ಅದೇ, ನೋಂದಣಿ ಸಂಖ್ಯೆ ಅದೇ, ಗೋಡೆಯ ಮೇಲಿನ ಸ್ಥಾಪಕರ ಫೋಟೋ ಅದೇ. ಒಳಗಿನ ಸಂಸ್ಥೆ ಮಾತ್ರ ಬೇರೆಯಾಗಿತ್ತು. ಅದನ್ನು ನೋಡಲಾಗದೆ ನಾನು ಬಿಟ್ಟು ಬಂದೆ.

ಅದಕ್ಕೇ ನಾನು ಪಾಲಕರಿಗೆ ಹೇಳುವುದು: ಆಡಳಿತ ಮಂಡಳಿಯ ಹೆಸರುಗಳನ್ನು ಓದಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂವರೂ ಒಂದೇ ಮನೆಯವರೇ? ಸಂಘ ಆಗಿದ್ದರೆ ಅದಕ್ಕೆ ಸದಸ್ಯರಿರುತ್ತಾರೆ, ವಾರ್ಷಿಕ ಸಭೆ ಇರುತ್ತದೆ, ಚುನಾವಣೆ ಇರುತ್ತದೆ. ನಮ್ಮ ಕಡೆ ಕೆಲವು ಸಂಸ್ಥೆಗಳ ಚುನಾವಣೆ ಜಿಲ್ಲಾ ಪಂಚಾಯಿತಿ ಚುನಾವಣೆಯ ಹಾಗೆಯೇ ನಡೆಯುತ್ತದೆ. ಗದ್ದಲ ಇರುತ್ತದೆ ನಿಜ. ಆದರೆ ಪ್ರಶ್ನೆ ಕೇಳುವ ಜನ ಒಳಗೆ ಇದ್ದಾರೆ ಎಂದೂ ಅದರ ಅರ್ಥ. ಟ್ರಸ್ಟಿನಲ್ಲಿ ಟ್ರಸ್ಟಿಗಳನ್ನು ಟ್ರಸ್ಟಿಗಳೇ ನೇಮಿಸಿಕೊಳ್ಳಬಹುದು. ಒಳ್ಳೆಯವರು ಕೂತರೆ ತಲೆಮಾರುಗಟ್ಟಲೆ ಚೆನ್ನಾಗಿ ನಡೆಯುತ್ತದೆ, ಇಲ್ಲದಿದ್ದರೆ ಕೇಳುವವರು ಇಲ್ಲ. ನನ್ನನ್ನು ಕೇಳಿದರೆ, ಗದ್ದಲದ ಸಂಘವೇ ಮೇಲು.

ಮಾಸ್ತರ ಪಗಾರ

ಲೆಕ್ಕದ ಪುಸ್ತಕ ಯಾರೂ ನಿಮಗೆ ತೋರಿಸುವುದಿಲ್ಲ. ಆದರೆ ಮಾಸ್ತರು ಕಣ್ಣಿಗೆ ಕಾಣುತ್ತಾರೆ. ಸಂಸ್ಥೆಯ ದುಡ್ಡು ಎಲ್ಲಿ ಹೋಗುತ್ತಿದೆ ಎಂದು ತಿಳಿಯಲು ಅವರನ್ನು ನೋಡಿದರೆ ಸಾಕು. ಐದು ವರ್ಷದ ಹಿಂದೆ ಗಣಿತ ಹೇಳುತ್ತಿದ್ದವರು ಇವತ್ತೂ ಇದ್ದಾರಾ? ಜೂನ್‌ನಲ್ಲಿ ಬಂದವರು ದೀಪಾವಳಿಗೆ ಹೋಗುತ್ತಾರಾ? ತಿಂಗಳ ಮೊದಲ ವಾರ ಪಗಾರ ಆಗುತ್ತದಾ? ಇದನ್ನು ಪ್ರಾಂಶುಪಾಲರನ್ನು ಕೇಳಿದರೆ ಸಿಗದು. ಹಳೆಯ ವಿದ್ಯಾರ್ಥಿಗಳನ್ನು, ಕ್ಯಾಂಟೀನಿನವರನ್ನು, ಬಸ್ ಡ್ರೈವರನ್ನು ಕೇಳಿ.

ಅನುದಾನಿತ ಶಾಲೆ, ಕಾಲೇಜಿನಲ್ಲಿ ಮಂಜೂರಾದ ಹುದ್ದೆಯ ಸಂಬಳ ಸರ್ಕಾರ ಕೊಡುತ್ತದೆ. ಹಾಗಾಗಿ ಫೀ ಕಡಿಮೆ, ಮಾಸ್ತರು ನಿಲ್ಲುತ್ತಾರೆ. ಎರಡೂ ಪಾಲಕರಿಗೆ ದೊಡ್ಡ ಲಾಭ. ಆದರೆ ಇಲ್ಲಿ ಒಂದು ಗಾಯ ಇದೆ. ಹಿರಿಯರು ನಿವೃತ್ತರಾದ ಮೇಲೆ ಆ ಹುದ್ದೆ ತುಂಬಲು ಸರ್ಕಾರದ ಅನುಮತಿ ಬೇಕು, ಅದು ವರ್ಷಗಟ್ಟಲೆ ಬರುವುದಿಲ್ಲ. ಅಲ್ಲಿಯವರೆಗೆ ಆಡಳಿತ ಮಂಡಳಿ ಕಡಿಮೆ ಪಗಾರಕ್ಕೆ ಯಾರನ್ನಾದರೂ ಇಟ್ಟುಕೊಂಡು ನಡೆಸುತ್ತದೆ. ‘ಅನುದಾನಿತ ಕಾಲೇಜು’ ಎಂದಾಗ ನಿಮ್ಮ ಮಗುವಿನ ವಿಷಯಗಳಲ್ಲಿ ಎಷ್ಟು ಮಂದಿ ಕಾಯಂ ಇದ್ದಾರೆ ಎಂದು ಒಂದೊಂದಾಗಿ ಕೇಳಿ. ಭೌತಶಾಸ್ತ್ರಕ್ಕೆ ಯಾರು, ರಸಾಯನಶಾಸ್ತ್ರಕ್ಕೆ ಯಾರು, ಹೆಸರು ಸಮೇತ.

ಕೋಚಿಂಗ್ ಕಂಪನಿಗಳಲ್ಲಿ ಇದರ ತಿರುವುಮುರುವು. ಹೆಸರುವಾಸಿ ಮಾಸ್ತರಿಗೆ ಒಳ್ಳೆಯ ಪಗಾರ ಸಿಗುತ್ತದೆ, ಪಾಠ ಚುರುಕಾಗಿರುತ್ತದೆ. ಇನ್ನೊಂದು ಕಂಪನಿ ಜಾಸ್ತಿ ಕೊಟ್ಟರೆ ಅವರು ವರ್ಷದ ನಡುವೆಯೇ ಹೋಗುತ್ತಾರೆ. ಫ್ಲೆಕ್ಸಿನಲ್ಲಿ ಯಾರ ಫೋಟೋ ಇದೆಯೋ ಅವರೇ ನಿಮ್ಮ ಮಗುವಿನ ಬ್ಯಾಚಿಗೆ ಬರುತ್ತಾರಾ ಎಂದು ಕೇಳಿ, ಬರೆದು ಕೊಡಿ ಎನ್ನಿ.

ಎರಡು ರಸೀದಿ

ತಮ್ಮ ತಂದ ಬಣ್ಣದ ಪುಸ್ತಕಕ್ಕೆ ಮರಳುತ್ತೇನೆ. ಇಂಟಿಗ್ರೇಟೆಡ್ ಎಂದು ಕರೆಯುವ ಪಿಯು ಕಾಲೇಜುಗಳು ಈಗ ನಮ್ಮ ಮೂರೂ ಜಿಲ್ಲೆಗಳಲ್ಲಿ ಇವೆ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಕಟ್ಟಡ, ಒಂದೇ ಬೆಂಚು. ಆದರೆ ಕೆಲವು ಕಡೆ ಒಳಗೆ ಇರುವುದು ಎರಡು ಸಂಸ್ಥೆ. ಕಾಲೇಜು ಟ್ರಸ್ಟಿನದು, ಕೋಚಿಂಗ್ ಕಂಪನಿಯದು. ಹಾಗಿರುವ ಕಡೆ ರಸೀದಿಯೂ ಎರಡು ಬರುತ್ತದೆ.

ನಾನು ತಮ್ಮನಿಗೆ ಹೇಳಿದೆ: "ಅಲ್ಲಿ ಹೋಗಿ ಮೊದಲ ಕೆಲಸ, ಹೋದ ವರ್ಷ ಸೇರಿದವರ ರಸೀದಿ ನೋಡಿ ಬಾ." ಅವನು ಪರಿಚಯದವರ ಮನೆಗೆ ಹೋಗಿ ಫೋಟೋ ತೆಗೆದುಕೊಂಡು ಬಂದ. ಟ್ರಸ್ಟಿನ ರಸೀದಿಯಲ್ಲಿದ್ದದ್ದು ಸಣ್ಣ ಮೊತ್ತ. ದೊಡ್ಡ ಮೊತ್ತ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರಿನಲ್ಲಿತ್ತು, ಕೆಳಗೆ ಜಿಎಸ್‌ಟಿ ಸಂಖ್ಯೆ.

ಆ ಸಂಖ್ಯೆ ಒಂದು ಒಳ್ಳೆಯ ಗುರುತು. ಮಾನ್ಯತೆ ಪಡೆದ ಶಾಲೆ, ಪಿಯು ಕಾಲೇಜಿನ ಬೋಧನಾ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಕೋಚಿಂಗಿಗೆ 18% ಇದೆ. ಒಂದು ಲಕ್ಷ ರೂಪಾಯಿ ಕೋಚಿಂಗ್ ಫೀ ಎಂದರೆ ಅದರ ಮೇಲೆ 18,000 ರೂಪಾಯಿ ತೆರಿಗೆ. ಅದು ಒಳಗೆ ಸೇರಿದೆಯಾ, ಹೊರಗಾ ಎಂದು ಮುಂಚೆಯೇ ಕೇಳಿಕೊಳ್ಳಿ. ಆದರೆ ಜಿಎಸ್‌ಟಿ ಇಲ್ಲ ಎಂದ ಮಾತ್ರಕ್ಕೆ ಅದು ಸೇವಾ ಸಂಸ್ಥೆ ಎಂದು ತಿಳಿಯಬೇಡಿ. ವರ್ಷಕ್ಕೆ 20 ಲಕ್ಷದ ಒಳಗೆ ವಹಿವಾಟು ಇರುವ ಸಣ್ಣ ಟ್ಯೂಷನ್ನಿಗೆ ನೋಂದಣಿಯೇ ಬೇಕಿಲ್ಲ. ನರ್ಸರಿ ಶಿಕ್ಷಣಕ್ಕೂ ವಿನಾಯಿತಿ ಇದೆ, ಅದನ್ನು ನಡೆಸುವುದು ಕಂಪನಿಯಾದರೂ.

ಎರಡು ರಸೀದಿ ಇದ್ದರೆ ಏನು ವ್ಯತ್ಯಾಸ? ಮಗು ಅಲ್ಲಿ ಇರುವವರೆಗೆ ಏನೂ ಕಾಣುವುದಿಲ್ಲ. ಬಿಡಬೇಕಾಗಿ ಬಂದಾಗ ಕಾಣುತ್ತದೆ. ಹುಡುಗಿಗೆ ಹಾಸ್ಟೆಲ್ ಒಗ್ಗಲಿಲ್ಲ, ಮೂರು ತಿಂಗಳಿಗೆ ಮನೆಗೆ ಬಂದಳು ಅಂತಿಟ್ಟುಕೊಳ್ಳಿ. ಕಾಲೇಜಿನವರು ತಮ್ಮ ಸಣ್ಣ ಮೊತ್ತದ ಮಾತಾಡುತ್ತಾರೆ. ಉಳಿದದ್ದಕ್ಕೆ ಕಂಪನಿಯನ್ನು ಕೇಳಿ ಎನ್ನುತ್ತಾರೆ. ಕಂಪನಿಯವರು ನೀವು ಸಹಿ ಮಾಡಿದ ಫಾರ್ಮಿನ ಹಿಂಬದಿ ತೋರಿಸುತ್ತಾರೆ. ಮರಳಿ ಕೊಡುವುದಿಲ್ಲ ಎಂದು ಅಲ್ಲಿ ಬರೆದಿರುತ್ತದೆ. ನಮ್ಮ ಸಂಬಂಧಿಕರೊಬ್ಬರು ಕಬ್ಬಿನ ಬಿಲ್ಲಿನ ಹಣ ಪೂರ್ತಿ ಹೀಗೆ ಒಂದು ಕಡೆ ಕಟ್ಟಿ, ಹುಡುಗ ಕಾಯಿಲೆ ಬಿದ್ದು ಮನೆಗೆ ಬಂದ ಮೇಲೆ ಒಂದು ವರ್ಷ ಓಡಾಡಿದರು. ಅರ್ಧವೂ ಸಿಗಲಿಲ್ಲ.

ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು. 16 ವರ್ಷದೊಳಗಿನವರನ್ನು ಸೇರಿಸಿಕೊಳ್ಳಬಾರದು, ರ‍್ಯಾಂಕ್ ಗ್ಯಾರಂಟಿ ಎಂದು ಜಾಹೀರಾತು ಕೊಡಬಾರದು, ಪೂರ್ತಿ ಫೀ ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದಲ್ಲಿ ಮರಳಿಸಬೇಕು ಎಂದು ಅದರಲ್ಲಿ ಇದೆ. ಇದು ಮಾರ್ಗಸೂಚಿ, ಜಾರಿ ಮಾಡಬೇಕಾದದ್ದು ರಾಜ್ಯಗಳು. ಆದರೂ ಫೀ ಮಾತಾಡುವಾಗ ಇದರ ಒಂದು ಪ್ರತಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ.

ಇಲ್ಲಿ ಕಂಪನಿಯ ಪರವಾಗಿ ಒಂದು ಮಾತು ಹೇಳಬೇಕು. ಕೋಚಿಂಗ್ ಕೇಂದ್ರದ ಮೇಲೆ ನೀವು ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕಾಲೇಜು, ವಿಶ್ವವಿದ್ಯಾಲಯಗಳ ಪಾಠಕ್ಕೆ ಗ್ರಾಹಕ ಕಾನೂನು ಅನ್ವಯಿಸದು, ಕೋಚಿಂಗಿಗೆ ಅನ್ವಯಿಸುತ್ತದೆ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ಹೇಳಿದೆ. ಆದ್ದರಿಂದ ಆ ಎರಡನೇ ರಸೀದಿಯನ್ನು ಜೋಪಾನ ಮಾಡಿ. ರಸೀದಿ ಇಲ್ಲದೆ ಒಂದು ರೂಪಾಯಿಯನ್ನೂ ಕೊಡಬೇಡಿ. ‘ಬಿಲ್ಡಿಂಗ್ ಫಂಡ್’ ಎಂದು ಕವರಿನಲ್ಲಿ ಕೇಳುವವರು ಟ್ರಸ್ಟಿನವರಾದರೂ ಅಷ್ಟೇ. ಒಂದರಿಂದ ಎಂಟನೇ ತರಗತಿವರೆಗೆ ಡೊನೇಷನ್ ಪಡೆದರೆ, ಪಡೆದದ್ದರ ಹತ್ತು ಪಟ್ಟುವರೆಗೆ ದಂಡ ಹಾಕಬಹುದು ಎಂದು ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ.

ಬಾಗಿಲು ಮುಚ್ಚಿದರೆ?

ಲಾಭದ ಕಂಪನಿಗೂ ಸೇವಾ ಸಂಸ್ಥೆಗೂ ನಿಜವಾದ ವ್ಯತ್ಯಾಸ ಕಷ್ಟ ಕಾಲದಲ್ಲಿ ಗೊತ್ತಾಗುತ್ತದೆ. ಕಂಪನಿಗೆ ಹಾಕಿದ ಬಂಡವಾಳ ವಾಪಸು ಬರಬೇಕು. ಬರದಿದ್ದರೆ ಬಾಗಿಲು ಹಾಕುತ್ತದೆ. ನಮ್ಮ ಬೆಂಗಳೂರಿನದೇ ಬೈಜೂಸ್ ಒಂದು ಕಾಲಕ್ಕೆ ದೇಶಕ್ಕೇ ದೊಡ್ಡ ಕಲಿಕಾ ಆ್ಯಪ್ ಆಗಿತ್ತು. 2024ರ ಜುಲೈನಲ್ಲಿ ಅದರ ಮೇಲೆ ದಿವಾಳಿ ಪ್ರಕ್ರಿಯೆ ಶುರುವಾಯಿತು.

ಅಮೆರಿಕದಲ್ಲಿ ಲಾಭದ ಕಾಲೇಜು ನಡೆಸಲು ಕಾನೂನೇ ಬಿಡುತ್ತದೆ. ಅಲ್ಲಿನ ಕೊರಿಂಥಿಯನ್ ಕಾಲೇಜಸ್ 2015ರಲ್ಲಿ, ಐಟಿಟಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ 2016ರ ಸೆಪ್ಟೆಂಬರ್‌ನಲ್ಲಿ ಮುಚ್ಚಿದವು. ಕೊರಿಂಥಿಯನ್‌ನಲ್ಲಿ ಓದಿದ ಸುಮಾರು 5.6 ಲಕ್ಷ ಜನರ 580 ಕೋಟಿ ಡಾಲರ್ ಸಾಲವನ್ನು ಅಲ್ಲಿನ ಸರ್ಕಾರ 2022ರಲ್ಲಿ ಮನ್ನಾ ಮಾಡಬೇಕಾಯಿತು. ಬೆಳಗಾವಿಯಿಂದ ಎಂ.ಎಸ್. ಓದಲು ಹೊರಡುವ ಮಕ್ಕಳು ಈಗ ಜಾಸ್ತಿ. ಹೋಗುವ ವಿಶ್ವವಿದ್ಯಾಲಯ ಸರ್ಕಾರಿಯೋ, ಲಾಭರಹಿತವೋ, ಲಾಭದ್ದೋ ಎಂದು ಸಾಲದ ಅರ್ಜಿಗೆ ಸಹಿ ಹಾಕುವ ಮುಂಚೆ ನೋಡಿಕೊಳ್ಳಲಿ. ಅಲ್ಲಿ ಇದನ್ನು ಅವರು ಬಹಿರಂಗವಾಗಿಯೇ ಬರೆದಿರುತ್ತಾರೆ, ಹುಡುಕುವ ಕಷ್ಟ ಇಲ್ಲ.

ನಮ್ಮ ಹಳೆಯ ಸಂಸ್ಥೆಗಳು ಎರಡು ಮಹಾಯುದ್ಧ, ಬರ, ಕೋವಿಡ್ ಎಲ್ಲ ದಾಟಿ ನಿಂತಿವೆ. ಬಾಗಲಕೋಟೆಯ ಅರ್ಧ ಊರೇ ಆಲಮಟ್ಟಿ ಹಿನ್ನೀರಿಗೆ ಹೋದಾಗಲೂ ಶಾಲೆ ನಿಲ್ಲಲಿಲ್ಲ. 30 ವರ್ಷದ ನಂತರ ಅಂಕಪಟ್ಟಿಯ ನಕಲು ಬೇಕೆಂದು ಹೋದರೆ ಕೊಡಲು ಅಲ್ಲಿ ಒಂದು ಕಚೇರಿ ಇರುತ್ತದೆ. ಇದನ್ನು ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ, ಆದರೆ ನಾನು ಇದಕ್ಕೆ ದೊಡ್ಡ ಬೆಲೆ ಕೊಡುತ್ತೇನೆ.

ಯಾವ ಹಂತಕ್ಕೆ ಯಾವುದು

ನರ್ಸರಿಗೆ ಕಂಪನಿಯ ಹೆಸರಿಗಿಂತ ಮನೆಯಿಂದ ಎಷ್ಟು ದೂರ ಎಂಬುದೇ ಮುಖ್ಯ. ಓಣಿಯ ಅಂಗನವಾಡಿ ಚೆನ್ನಾಗಿದ್ದರೆ ಅದೇ ಸಾಕು. ವರ್ಷದ ಫೀ ಒಂದೇ ಸಲ ಕಟ್ಟಬೇಡಿ, ಕಂತಿನಲ್ಲಿ ಕಟ್ಟಿ.

ಹತ್ತನೇ ತರಗತಿವರೆಗೆ ಒಳ್ಳೆಯ ಅನುದಾನಿತ ಶಾಲೆಯೋ ಸರ್ಕಾರಿ ಶಾಲೆಯೋ ಹತ್ತಿರ ಇದ್ದರೆ ನಾನು ಅಲ್ಲಿಗೇ ಹಾಕುತ್ತೇನೆ. ಉಳಿದ ಹಣ ಮುಂದೆ ಬೇಕಾಗುತ್ತದೆ. ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) ಉಚಿತ ಸೀಟಿನ ಆಸೆ ಇಟ್ಟುಕೊಂಡವರಿಗೆ ಒಂದು ಮಾತು: 2019ರಿಂದ ನಮ್ಮ ರಾಜ್ಯದಲ್ಲಿ ನಿಯಮ ಬದಲಾಗಿದೆ. ನಿಮ್ಮ ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಸಿಗುವುದಿಲ್ಲ. ಸೈನಿಕ ಶಾಲೆ, ನವೋದಯ ಪರೀಕ್ಷೆಗೆಂದು 9 ವರ್ಷದ ಮಗುವನ್ನು ವಸತಿ ಕೋಚಿಂಗಿಗೆ ಹಾಕುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ವಿಜಯಪುರದ ಸೈನಿಕ ಶಾಲೆ 1963ರಿಂದ ಎಷ್ಟೋ ಹಳ್ಳಿ ಹುಡುಗರನ್ನು ಸೈನ್ಯದ ಅಧಿಕಾರಿಗಳನ್ನಾಗಿ ಮಾಡಿದೆ. ಆ ಆಸೆ ದೊಡ್ಡದೇ. ಆದರೆ ಆ ವಯಸ್ಸಿನ ಮಗು ಮನೆಯಲ್ಲಿ ಮಲಗಲಿ, ಸಂಜೆ ಟ್ಯೂಷನ್ನಿಗೆ ಹೋಗಲಿ.

ಇಂಜಿನಿಯರಿಂಗಿಗೆ ಬಂದರೆ ಯಾರು ನಡೆಸುತ್ತಾರೆ ಎಂಬುದಕ್ಕಿಂತ ಯಾವ ಸೀಟು ಎಂಬುದೇ ಹಣ ನಿರ್ಧರಿಸುತ್ತದೆ. ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ಮೂಲಕ ಸರ್ಕಾರಿ ಕೋಟಾ, ಖಾಸಗಿ ಕಾಲೇಜುಗಳ ಒಕ್ಕೂಟದ ಕಾಮೆಡ್‌-ಕೆ, ಮ್ಯಾನೇಜ್‌ಮೆಂಟ್ ಹೀಗೆ ಒಂದೇ ತರಗತಿಯಲ್ಲಿ ಮೂರು ದರದ ಮಕ್ಕಳು ಕೂರುತ್ತಾರೆ. ಬಾಗಲಕೋಟೆಯ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜಿನಂಥ 1963ರ ಹಳೆಯ ಕಾಲೇಜಿನಲ್ಲಿ ಅನುದಾನಿತ ಸೀಟುಗಳೂ ಇವೆ. ಅವು ಯಾವ ಬ್ರ್ಯಾಂಚಿನಲ್ಲಿವೆ ಎಂದು ಆಯ್ಕೆ ಪಟ್ಟಿ ತುಂಬುವ ಮುಂಚೆ ನೋಡಿ.

ವೈದ್ಯಕೀಯಕ್ಕೆ ಮೂರು ಊರಿನಲ್ಲಿ ಮೂರು ರೀತಿ. ಬೆಳಗಾವಿಯಲ್ಲಿ ಸರ್ಕಾರಿ ಕಾಲೇಜು ಇದೆ, ಕೆಎಲ್‌ಇಯ ಡೀಮ್ಡ್ (ತಾನೇ ಪದವಿ ಕೊಡುವ ಅಧಿಕಾರ ಇರುವ) ವಿಶ್ವವಿದ್ಯಾಲಯವೂ ಇದೆ. ವಿಜಯಪುರದ ಬಿಎಲ್‌ಡಿಇ ಕೂಡ ಡೀಮ್ಡ್. ಡೀಮ್ಡ್ ಸೀಟುಗಳ ಕೌನ್ಸೆಲಿಂಗ್ ನಡೆಸುವುದು ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ದೆಹಲಿಯ ಎಂಸಿಸಿ. ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಅಡಿ ಬರುತ್ತದೆ, ಅಲ್ಲಿ ಕೆಇಎ ಮೂಲಕ ಸರ್ಕಾರಿ ಕೋಟಾ ಸೀಟು ಸಿಗುತ್ತದೆ. ಈ ನಾಲ್ಕನ್ನೂ ನಡೆಸುವುದು ಲಾಭರಹಿತ ಸಂಸ್ಥೆ ಅಥವಾ ಸರ್ಕಾರವೇ, ಆದರೆ ಪಾಲಕರ ಜೇಬಿನ ಮೇಲೆ ಬೀಳುವ ಭಾರ ಒಂದೇ ಅಲ್ಲ. ಪದವಿ ಕಾಲೇಜು ಬಿಡುವಾಗ ಮೂಲ ಅಂಕಪಟ್ಟಿ ಹಿಡಿದಿಟ್ಟುಕೊಂಡು ಉಳಿದ ವರ್ಷಗಳ ಫೀ ಕಟ್ಟು ಎಂದರೆ ಹೆದರಬೇಡಿ. ಮೂಲ ದಾಖಲೆ ಹಿಡಿದಿಡಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ನಿಯಮ ಇದೆ.

ಒಂದು ದಿನದಲ್ಲಿ ಮಾಡಬಹುದಾದ ತನಿಖೆ

ಆದಾಯ ತೆರಿಗೆ ಇಲಾಖೆಯ ವೆಬ್‌ಸೈಟಿನಲ್ಲಿ ವಿನಾಯಿತಿ ಪಡೆದ ಸಂಸ್ಥೆಗಳ ಪಟ್ಟಿ ಇದೆ, ಹೆಸರು ಹಾಕಿ ಹುಡುಕಬಹುದು. ಶಾಲೆಗೆ ಸರ್ಕಾರದ ಶಾಲಾ ಪಟ್ಟಿಯ 11 ಅಂಕಿಯ ಯುಡೈಸ್ ಸಂಖ್ಯೆ ಇರಬೇಕು, ನಮ್ಮ ರಾಜ್ಯದ್ದಾದರೆ ಅದು 29ರಿಂದ ಶುರುವಾಗುತ್ತದೆ. ಸಿಬಿಎಸ್‌ಇ ಶಾಲೆಯಾದರೆ ಅವರ ವೆಬ್‌ಸೈಟಿನಲ್ಲೇ ಟ್ರಸ್ಟಿನ ದಾಖಲೆ, ಶಿಕ್ಷಕರ ಸಂಖ್ಯೆ, ಫೀ ವಿವರ ಹಾಕಿರಬೇಕು. ಸಂಘವಾದರೆ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳ ಕಚೇರಿಗೆ ಪ್ರತಿ ವರ್ಷ ಲೆಕ್ಕಪತ್ರ, ಆಡಳಿತ ಮಂಡಳಿಯ ಪಟ್ಟಿ ಸಲ್ಲಿಸಬೇಕು. ಅದರ ನಕಲು ಕೇಳಲು ನಾಚಿಕೆ ಬೇಡ. ನಾನು ಅಂಥ ಎಷ್ಟೋ ಲೆಕ್ಕಪತ್ರ ಬರೆದಿದ್ದೇನೆ. ಅದನ್ನು ಓದಲು ಒಬ್ಬ ಪಾಲಕರೂ ಬಂದದ್ದು ನೋಡಲಿಲ್ಲ, ಅದು ನನಗೆ ಇವತ್ತಿಗೂ ಬೇಸರ. ಓದುವುದೂ ಕಷ್ಟ ಅಲ್ಲ. ಪಗಾರಕ್ಕೆ ಎಷ್ಟು, ಬಾಡಿಗೆಗೆ ಎಷ್ಟು, ಜಾಹೀರಾತಿಗೆ ಎಷ್ಟು, ಗ್ರಂಥಾಲಯಕ್ಕೆ ಎಷ್ಟು. ಈ ನಾಲ್ಕು ಸಾಲು ನೋಡಿ.

ಮಗಳ ವಿಷಯಕ್ಕೆ ಬಂದರೆ, ಕೊನೆಗೆ ಅವಳನ್ನೇ ಕೇಳಿದೆವು. "ದೊಡ್ಡಪ್ಪಾ, ಹಾಸ್ಟೆಲ್ ನನಗ ಬ್ಯಾಡ. ನಿಮ್ಮ ಮನ್ಯಾಗ ಇದ್ದು ಓದ್ತೀನಿ" ಅಂದಳು. ಬಾಗಲಕೋಟೆಯ ಅನುದಾನಿತ ಕಾಲೇಜಿಗೆ ಸೇರಿದಳು. ಸಂಜೆ ನವನಗರದಲ್ಲೇ ಒಬ್ಬ ಮೇಡಂ ಹತ್ತಿರ ನೀಟ್ ಟ್ಯೂಷನ್ನಿಗೆ ಹೋಗುತ್ತಾಳೆ, ಫೀ ತಿಂಗಳು ತಿಂಗಳು. ಎರಡೂ ಕಡೆಯ ರಸೀದಿ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಅವಳ ಪುಸ್ತಕದ ಕಪಾಟಿನಲ್ಲಿವೆ. ಕಾಲೇಜಿನ ಭೌತಶಾಸ್ತ್ರದ ಕಾಯಂ ಹುದ್ದೆ ಇನ್ನೂ ಖಾಲಿ ಇದೆ, ಈಗ ಇರುವ ಹುಡುಗ ಮಾಸ್ತರಿಗೆ ಪಗಾರ ಸರಿಯಾಗಿ ಆಗುತ್ತಿಲ್ಲ ಎಂದು ಕೇಳಿದ್ದೇವೆ. ಬರುವ ಶನಿವಾರ ಪಾಲಕರ ಸಭೆ ಇದೆ. ತಮ್ಮ ಮುಧೋಳದಿಂದ ಬರುತ್ತಿದ್ದಾನೆ, ಇಬ್ಬರೂ ಹೋಗಿ ಆ ಮಾತು ಎತ್ತುತ್ತೇವೆ.